ಯಾವ ಸಮುದಾಯದ್ದು ಮಾರಾಯರೇ?

"ಹಲೋ, ಸಮುದಾಯದ್ದಾ? ಮೇ ಹನ್ನೊಂದಕ್ಕೆ ಹಾಲ್ ಖಾಲಿ ಉಂಟಾ?"

ನಾನು ಉಡುಪಿಯ ಒಂದು ಸಮುದಾಯ ಕಾಲೇಜಿನ ಸಂಯೋಜಕನಾಗಿ ಕುರ್ಚಿಯಲ್ಲಿ ಕುಳಿತು ಅರ್ಧ ಗಂಟೆಯೂ ಆಗಿರಲಿಲ್ಲ. ಬಂದ ಮೊದಲ ಕರೆ ಇದು. ಇದು ಸಮುದಾಯ ಭವನ ಅಲ್ಲ, ಸಮುದಾಯ ಕಾಲೇಜು ಎಂದು ವಿನಯದಿಂದ ತಿದ್ದಿದೆ. ಆಚೆಯವರು ತುಸು ಯೋಚಿಸಿದರು.

"ಅಡ್ಡಿಯಿಲ್ಲ, ಕಾಲೇಜಿನ ಹಾಲ್ ಆದರೂ ಆದೀತು. ಒಂದು ಪಂಕ್ತಿಗೆ ಇನ್ನೂರು ಎಲೆ ಹಾಕಬಹುದಾ? ಪಾರ್ಕಿಂಗ್ ಉಂಟಾ?"

ಈ ಹೆಸರು ಇಟ್ಟವರು ಉಡುಪಿಯ ಕಡೆ ಬಂದವರಲ್ಲ. ನಮ್ಮಲ್ಲಿ ಸಮುದಾಯ ಎಂದರೆ ಒಂದೋ ಊಟದ ಹಾಲ್, ಇಲ್ಲವೇ ಜಾತಿ. ಹಾಲ್ ಅಲ್ಲ ಎಂದು ಖಾತ್ರಿಯಾದ ಮೇಲೆ ಎರಡನೆಯ ಪ್ರಶ್ನೆ ಬಂದೇ ಬರುತ್ತದೆ: "ಯಾವ ಸಮುದಾಯದ್ದು ಮಾರಾಯರೇ? ಬಂಟರದ್ದಾ, ಬಿಲ್ಲವರದ್ದಾ, ಮೊಗವೀರರದ್ದಾ?" ಎಲ್ಲರದ್ದೂ ಎಂದರೆ ಯಾರೂ ನಂಬುವುದಿಲ್ಲ. ಎಲ್ಲರದ್ದು ಎಂದರೆ ಯಾರದ್ದೂ ಅಲ್ಲ, ಯಾರದ್ದೂ ಅಲ್ಲವೆಂದರೆ ಸರಕಾರದ್ದು, ಸರಕಾರದ್ದೆಂದರೆ ಊಟ ಇಲ್ಲ. ಅಲ್ಲಿಗೆ ಫೋನ್ ಇಟ್ಟುಬಿಡುತ್ತಾರೆ.

ಅಮೆರಿಕದ ಜೋಲಿಯೆಟ್ ಎಂಬ ಊರಿನಲ್ಲಿ 1901ರಲ್ಲಿ ಇಂಥದ್ದೊಂದು ಕಾಲೇಜು ಶುರುವಾಯಿತಂತೆ. ಈಗ ಸಮುದಾಯ ಕಾಲೇಜು ಎಂದರೆ ಊರಿನವರಿಗೆ ಊರಿನಲ್ಲೇ, ವಯಸ್ಸು ಕೇಳದೆ, ದುಡಿಮೆಗೆ ಬೇಕಾದ ವಿದ್ಯೆ ಕಲಿಸುವ ವ್ಯವಸ್ಥೆ. ನಮ್ಮಲ್ಲಿ ಯುಜಿಸಿ 2013ರಲ್ಲಿ ಅದಕ್ಕೊಂದು ಯೋಜನೆ ಮಾಡಿತು. ಈ ಎರಡು ಇಸವಿಗಳ ಆಚೆಗೆ ನನಗೆ ಆ ಬಗ್ಗೆ ಏನೂ ಗೊತ್ತಿರಲಿಲ್ಲ. "ನಿಮಗೆ ಊರಿನವರ ಪರಿಚಯ ಚೆನ್ನಾಗಿದೆ, ನೀವೇ ಸರಿ" ಎಂದು ಪ್ರಾಂಶುಪಾಲರು ಬೆನ್ನು ತಟ್ಟಿದರು. ಆ ವರ್ಷ ಬಿ.ಕಾಂ.ಗೆ ಮಕ್ಕಳು ಕಡಿಮೆಯಾಗಿ ನನ್ನ ಪಾಠದ ಅವಧಿಗಳು ಉದುರಿದ್ದವು ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಊರಿಗೆಲ್ಲ ಕೆಲಸದ ತರಬೇತಿ ಕೊಡಿಸುವ ಕೆಲಸಕ್ಕೆ ಯಾವ ತರಬೇತಿಯೂ ಇಲ್ಲದ ನಾನು ಹೀಗೆ ನೇಮಕಗೊಂಡೆ.

ಉದ್ಘಾಟನೆ ಗಮ್ಮತ್ತಾಗಿಯೇ ಆಯಿತು. ಮುಖ್ಯ ಅತಿಥಿಗಳು ನಮ್ಮ ಕರಾವಳಿಗೆ ಇದೆಲ್ಲ ಹೊಸದಲ್ಲ ಎಂದು ಆರಂಭಿಸಿದರು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದಲ್ಲಿಂದ ಹೊರಟು, ದಿನದಿನ ಚಿಲ್ಲರೆ ಕೂಡಿಸುವ 1928ರ ಪಿಗ್ಮಿ ಠೇವಣಿಯಲ್ಲಿ ಸ್ವಲ್ಪ ಹೊತ್ತು ತಂಗಿ, 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್‌ಗೆ ಅವರು ತಲುಪುವಷ್ಟರಲ್ಲಿ ಗೋಳಿಬಜೆ ತಣ್ಣಗಾಗಿತ್ತು. ತಣ್ಣಗಾದ ಗೋಳಿಬಜೆಯನ್ನು ಗೋಡೆಗೆ ಎಸೆದರೆ ಸುಣ್ಣ ಕಿತ್ತು ಬರುತ್ತದೆ. ಅಭ್ಯರ್ಥಿಗಳು ಅದನ್ನೂ ಸಹನೆಯಿಂದ ಅಗಿದರು.

ತೊಂದರೆ ಶುರುವಾದದ್ದು ಮರುದಿನ, ಹಾಜರಿ ಯಂತ್ರದಿಂದ.

ಸಹಿ ಸಾಲದು, ಆಧಾರ್ ಜೋಡಿಸಿದ ಯಂತ್ರದ ಮೇಲೆ ಹೆಬ್ಬೆರಳು ಒತ್ತಬೇಕು, ಆಗಲೇ ತರಗತಿ ನಡೆದದ್ದಕ್ಕೆ ಲೆಕ್ಕ. ಹೊಲಿಗೆ ಕಲಿಯಲು ಬಂದ ಮೊದಲ ತಂಡದಲ್ಲಿ ಹೆಚ್ಚಿನವರು ಬೀಡಿ ಕಟ್ಟುವವರು. ಬೀಡಿ ಕಂಪನಿಯ ಬ್ರಾಂಚಿನಲ್ಲಿ ಈಗ ಮೊದಲಿನಷ್ಟು ಎಲೆ ಕೊಡುವುದಿಲ್ಲ ಎಂದು ಬಂದವರು. ಸಾಲಾಗಿ ನಿಂತು ಒತ್ತಿದರು. ಯಂತ್ರ ಕೆಂಪು ಕಣ್ಣು ಬಿಟ್ಟು "ಹೊಂದಾಣಿಕೆಯಾಗುತ್ತಿಲ್ಲ" ಎಂದಿತು. ಸೀರೆಯ ಸೆರಗಿನಲ್ಲಿ ಬೆರಳು ಒರೆಸಿ ಒತ್ತಿದರು. ಇಲ್ಲ. ತಲೆಗೆ ಉಜ್ಜಿ, ಕೂದಲಿನ ತೆಂಗಿನೆಣ್ಣೆ ತಗುಲಿಸಿ ಒತ್ತಿದರು. ಇಲ್ಲ. ನಲುವತ್ತು ವರ್ಷ ದಿನಕ್ಕೆ ಸಾವಿರದ ಲೆಕ್ಕದಲ್ಲಿ ಎಲೆ ಸುರುಳಿ ಸುತ್ತಿದ ಬೆರಳುಗಳು. ರೇಖೆಗಳು ಯಾವತ್ತೋ ಬೀಡಿಯ ಜೊತೆಗೇ ಹೋಗಿವೆ. ಹತ್ತಿರದಿಂದ ನೋಡಿದೆ. ಹೊಳೆಯ ಕಲ್ಲಿನ ಹಾಗೆ ನುಣ್ಣಗಿದ್ದವು. ಯಂತ್ರ ಸರಿಯಿದೆಯೇ ಎಂದು ನೋಡಲು ನಾನು ಬೆರಳಿಟ್ಟೆ. ಇಟ್ಟ ಕೂಡಲೇ ಹಸಿರು ದೀಪ, ಧನ್ಯವಾದ.

"ಸರ್‌ದು ಎಷ್ಟು ಚೆಂದ ಬರುತ್ತದೆ ನೋಡಿ" ಎಂದರು ನಮ್ಮ ಗುಮಾಸ್ತೆ. "ಬೆರಳಿಗೆ ಕೆಲಸವೇ ಇಲ್ಲವಲ್ಲ."

ಸಾಲಿನ ಕೊನೆಯಲ್ಲಿದ್ದ ಐವತ್ತೆಂಟರ ಅಕ್ಕ ಯಂತ್ರವನ್ನು ಮುಟ್ಟಲೂ ಇಲ್ಲ. "ನಾನು ಶಾಲೆಗೆ ಹೋದವಳಲ್ಲ ಸರ್. ತೊಂಬತ್ತರ ದಶಕದಲ್ಲಿ ಸಾಕ್ಷರತಾ ಆಂದೋಲನ ಎಂದು ನಿಮ್ಮಂಥವರೇ ರಾತ್ರಿ ಲಾಟೀನು ಹಿಡಿದುಕೊಂಡು ಮನೆಗೆ ಬಂದಿರಿ. ಹೆಬ್ಬೆಟ್ಟು ಒತ್ತುವುದು ನಾಚಿಕೆ, ಸಹಿ ಕಲಿಯಿರಿ ಎಂದಿರಿ. ಮೂರು ತಿಂಗಳು ಕಲಿತೆ. ಈಗ ಸಹಿ ಹಾಕುತ್ತೇನೆ ಎಂದರೆ ಹೆಬ್ಬೆಟ್ಟೇ ಬೇಕು ಎನ್ನುತ್ತೀರಿ. ಒಂದು ಸರಿಯಾಗಿ ಹೇಳಿಬಿಡಿ."

ನನ್ನಲ್ಲಿ ಉತ್ತರವಿರಲಿಲ್ಲ. ಆ ತಿಂಗಳು ಸರಕಾರದ ಲೆಕ್ಕದಲ್ಲಿ ನಮ್ಮ ಹೊಲಿಗೆ ತರಗತಿಗೆ ಪೂರ್ಣ ಹಾಜರಿ ಇದ್ದವನು ನಾನೊಬ್ಬನೇ.

ಮುಂದಿನ ಕಾರ್ಯಕ್ರಮವಾದರೂ ಬುದ್ಧಿ ಉಪಯೋಗಿಸಿ ಮಾಡೋಣ ಎಂದು ಕ್ಯಾಲೆಂಡರ್ ಹಿಡಿದು ಕುಳಿತೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಲ್ಪೆಯ ಬೋಟುಗಳೆಲ್ಲ ದಡದಲ್ಲಿ. ಬೋಟು ದಡದಲ್ಲಿದ್ದರೆ ಬೋಟಿನವರೂ ದಡದಲ್ಲಿ, ದಡದಲ್ಲಿದ್ದವರು ಖಾಲಿ, ಖಾಲಿ ಇದ್ದವರಿಗೆ ಬ್ಯಾಂಕ್ ವ್ಯವಹಾರ ಮತ್ತು ಕಂಪ್ಯೂಟರ್ ಪರಿಚಯ. ಇಂಥ ತರ್ಕ ವಾಣಿಜ್ಯ ವಿಭಾಗದವನಿಗೆ ಮಾತ್ರ ಹೊಳೆಯಲು ಸಾಧ್ಯ. ಮೂವತ್ತು ಕುರ್ಚಿ ಹಾಕಿಸಿದೆ. ನಾಲ್ಕು ಜನ ಬಂದರು. ಇಬ್ಬರು ಸಬ್ಸಿಡಿ ಯಾವಾಗ ಬರುತ್ತದೆ ಎಂದು ಕೇಳಲು, ಒಬ್ಬರು ಮಳೆ ನಿಲ್ಲಲಿ ಎಂದು, ಇನ್ನೊಬ್ಬರು ಅವರ ಜೊತೆಗೆ.

ವಿಚಾರಿಸಿದಾಗ ತಿಳಿದದ್ದು: ಬೋಟಿನಲ್ಲಿ ದುಡಿಯುವ ಹುಡುಗರಲ್ಲಿ ಬಹಳ ಮಂದಿ ಪರವೂರಿನವರು, ಬೋಟಿಗೆ ಹಗ್ಗ ಬಿಗಿದ ದಿನವೇ ಚೀಲ ಹೆಗಲಿಗೇರಿಸಿ ಊರಿಗೆ ಹೋಗುತ್ತಾರೆ. ಸಣ್ಣ ಎಂಜಿನಿನ ನಾಡದೋಣಿಗಳಿಗೆ ನಿಷೇಧವಿಲ್ಲ, ಅವರಿಗೆ ಮಳೆಗಾಲವೇ ಸುಗ್ಗಿ. ಉಳಿದವರು ಬಲೆ ದುರಸ್ತಿ ಮಾಡುತ್ತಾರೆ. ಖಾಲಿ ಕುಳಿತವನು ಮಲ್ಪೆಯಲ್ಲಿ ಯಾರೂ ಇರಲಿಲ್ಲ, ಕಾಲೇಜಿನಲ್ಲಿ ಒಬ್ಬನಿದ್ದ.

ಹಾಗಾದರೆ ನಾವೇ ಬಲೆಯ ಶೆಡ್ಡಿಗೆ ಹೋಗೋಣ ಎಂದು ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದೆವು. ಅವರು ಬಲೆ ನೇಯುತ್ತಾ ಕೇಳುವುದು, ನಾವು ಹೇಳುವುದು. ಯುಪಿಐ ಬಗ್ಗೆ ಹೇಳಹೊರಟರೆ, ಮೀನು ಮಾರುವ ಅಮ್ಮ ಬುಟ್ಟಿಯ ಬದಿಯಲ್ಲಿ ಅಂಟಿಸಿದ್ದ ಕ್ಯೂಆರ್ ಚೀಟಿಯನ್ನು ನನ್ನ ಕಡೆ ತಿರುಗಿಸಿ, "ಕಲಿಸುವುದು ಇರಲಿ, ಅರ್ಧ ಕಿಲೋ ಬಂಗುಡೆ ತೆಗೆದುಕೊಂಡು ಇದಕ್ಕೆ ಹಾಕಿ ತೋರಿಸಿ" ಎಂದರು. ನನ್ನ ಮೊಬೈಲಿಗೆ ನೆಟ್‌ವರ್ಕ್ ಸಿಗಲಿಲ್ಲ. ಬಂಗುಡೆ ಸಾಲದ ಮೇಲೆ ಬಂತು. ಮಾನ ಉಳಿಸಿಕೊಳ್ಳಲು ಒಬ್ಬ ಅಜ್ಜನ ಪಕ್ಕ ಕುಳಿತು, ನನಗೂ ಗಂಟು ಹಾಕಲು ಕಲಿಸಿ ಎಂದೆ. ಅವರು ಬಹಳ ತಾಳ್ಮೆಯಿಂದ ಹೇಳಿಕೊಟ್ಟರು. ಒಂದು ಗಂಟೆಯಲ್ಲಿ ಹನ್ನೆರಡು ಗಂಟು ಹಾಕಿದೆ. "ಪರವಾಗಿಲ್ಲ, ಕೈ ಕೂರುತ್ತದೆ" ಎಂದರು. ಉಬ್ಬಿಹೋದೆ. ಹೊರಡುವಾಗ ಹಿಂದೆ ತಿರುಗಿ ನೋಡಿದರೆ ಅಜ್ಜ ಚೂರಿಯಿಂದ ಹನ್ನೆರಡನ್ನೂ ಒಂದೊಂದಾಗಿ ಕೊಯ್ಯುತ್ತಿದ್ದರು.

ನಡುವೆ ಜುಲೈ ಮಳೆ. ರೆಡ್ ಅಲರ್ಟ್ ಬಂದರೆ ಜಿಲ್ಲಾಧಿಕಾರಿಗಳ ರಜೆ ಆದೇಶದಲ್ಲಿ ಅಂಗನವಾಡಿ, ಪ್ರಾಥಮಿಕ, ಪ್ರೌಢ, ಪದವಿಪೂರ್ವ ಎಂದು ಪಟ್ಟಿ ಇರುತ್ತದೆ. ಅದರಲ್ಲಿ ನಾವು ಎಲ್ಲಿ? ಬೆಳಿಗ್ಗೆ ಆರು ಗಂಟೆಗೇ ಫೋನ್ ಶುರು. ಮಕ್ಕಳಲ್ಲ, ಮಕ್ಕಳ ಅಜ್ಜಿಯಂದಿರು. ಅದೇ ಐವತ್ತೆಂಟರ ಅಕ್ಕ: "ಸರ್, ಇವತ್ತು ನಮಗೆ ರಜೆ ಉಂಟಾ?" ಮಳೆಗೆ ಹೆದರಿ ಕೇಳುತ್ತಿದ್ದಾರೆ ಎಂದುಕೊಂಡೆ. "ಮಳೆ ಎಂಥದು ಸರ್, ಅದು ಪ್ರತಿ ವರ್ಷ ಇರುವುದೇ. ಮಳೆಗೆ ರಜೆ ಎಂಬುದು ನನಗೆ ಈ ಜನ್ಮದಲ್ಲಿ ಸಿಕ್ಕಿಲ್ಲ. ಮೊಮ್ಮಗಳು ಕುಣಿಯುತ್ತಿದ್ದಾಳೆ. ನನಗೂ ಒಂದು ಕೊಡಿ." ಕೊಟ್ಟೆ. ಹನ್ನೊಂದು ಗಂಟೆಗೆ ಬಿಸಿಲು ಬಂತು. ರಜೆ ಕೊಟ್ಟ ದಿನ ಬಿಸಿಲು ಬರುವುದು ನಮ್ಮ ಕಡೆಯ ಪದ್ಧತಿ.

ಇನ್ನು ಫ್ಲೆಕ್ಸಿನ ವಿಷಯ. ಇದನ್ನು ಬರೆಯಲು ಈಗಲೂ ಸಂಕೋಚವಾಗುತ್ತದೆ.

ಎರಡನೆಯ ತಂಡಕ್ಕೆ ಪ್ರಚಾರ ಬೇಕಿತ್ತು. ನಾನು ಸಿಟಿ ಬಸ್ಸಿನಲ್ಲಿ ನೇತಾಡುತ್ತಾ ಫ್ಲೆಕ್ಸ್ ಅಂಗಡಿಯ ಹುಡುಗನಿಗೆ ಫೋನಿನಲ್ಲೇ ಬರೆಸಿದೆ. ಕಂಡಕ್ಟರನ ಸೀಟಿ, ಡ್ರೈವರನ ಹಾರ್ನ್, ಇವುಗಳ ನಡುವೆ ನನ್ನ "ಹೊಲಿಗೆ" ಅವನ ಕಿವಿಗೆ ಹೇಗೆ ಬಿದ್ದಿತೋ, ಹುಡುಗ ಹೊ-ಗೆ ಒಂದು ದೀರ್ಘ ಎಳೆದು, ಲ-ವನ್ನು ಳ ಮಾಡಿ, ಸಂತೆಕಟ್ಟೆಯಿಂದ ಕಟಪಾಡಿಯವರೆಗೆ ಕಟ್ಟಿಸಿಬಿಟ್ಟ: "ಉಚಿತ ಹೋಳಿಗೆ ತರಬೇತಿ. ಪ್ರಮಾಣಪತ್ರ ನೀಡಲಾಗುವುದು. ಕತ್ತರಿ ಮತ್ತು ಅಳತೆ ಟೇಪು ಅಭ್ಯರ್ಥಿಗಳೇ ತರತಕ್ಕದ್ದು."

ಇಪ್ಪತ್ತು ಸೀಟು. ಬಂದವರು ಅರುವತ್ತಮೂರು. ಅವರಲ್ಲಿ ಎಂಟು ಜನ ಗಂಡಸರು, ಹೊಲಿಗೆ ತರಗತಿಗೆ ಯಾವತ್ತೂ ಬಾರದವರು. ಶಂಕರಪುರದಿಂದ ಮಲ್ಲಿಗೆ ಕಟ್ಟುವ ಹೆಂಗಸರು ಹದಿನಾಲ್ಕು ಮಂದಿ ಬೆಳಗಿನ ಹೂವನ್ನು ಕಟ್ಟಿ ಮುಗಿಸಿ ರಿಕ್ಷಾದಲ್ಲಿ ಬಂದಿದ್ದರು. ಅಟ್ಟೆಗೆ, ಅಂದರೆ ಮಲ್ಲಿಗೆ ಮಾರುವ ಅಳತೆಗೆ, ದರ ಏರಿದ ದಿನ ಇವರು ಯಾವ ತರಗತಿಗೂ ಬರುವುದಿಲ್ಲ ಎಂಬುದು ನನ್ನ ಅನುಭವ. ಆವತ್ತು ದರ ಏರಿತ್ತು, ಆದರೂ ಬಂದಿದ್ದರು. ಎಲ್ಲರ ಚೀಲದಲ್ಲೂ ಕತ್ತರಿ, ಟೇಪು. ಒಬ್ಬರಿಗೂ ಸಂಶಯ ಬಂದಿಲ್ಲವೇ ಎಂದು ಕೇಳಿದೆ.

"ಕಾಲೇಜಿನವರಲ್ಲವಾ" ಎಂದರು ಒಬ್ಬರು. "ಹೋಳಿಗೆ ಎಲ್ಲ ಒಂದೇ ಅಳತೆಯಲ್ಲಿ ಬರಬೇಕು ಎಂದು ಇರಬಹುದು ಅಂದುಕೊಂಡೆವು."

ಕತ್ತರಿ ಯಾಕೆ ಎಂದು ಕೇಳಲಿಲ್ಲ. ಅವರ ಬಳಿ ಅದಕ್ಕೂ ಸಮಾಧಾನ ಇದ್ದಿರಬೇಕು.

ತಪ್ಪಾಗಿದೆ ಎಂದು ಕೈಮುಗಿದೆ. ಹೊಲಿಗೆಯ ಟೀಚರು ಯಂತ್ರದ ಮುಂದೆ ಮುಖ ಊದಿಸಿಕೊಂಡು ಕುಳಿತಿದ್ದರು. ಜನ ಅಲ್ಲಾಡಲಿಲ್ಲ. ಕೊನೆಗೆ ನನ್ನನ್ನು ಕಾಪಾಡಿದ್ದು ಹೊಲಿಗೆ ಮುಗಿಸಿ ಪ್ರಮಾಣಪತ್ರಕ್ಕೆಂದು ಬಂದಿದ್ದ ಅದೇ ಅಕ್ಕ. "ಕಡಲೆಬೇಳೆ, ಬೆಲ್ಲ ತರಿಸಿ ಸರ್. ಕಣಕ ನಾನು ಕಲಸುತ್ತೇನೆ" ಎಂದರು. ಹಾಜರಿ ಯಂತ್ರ ಗುರುತಿಸದ ಆ ಬೆರಳುಗಳು ಹೂರಣದ ಉಂಡೆಯ ಮೇಲೆ ಕಣಕವನ್ನು ಎಳೆದು, ತುದಿ ಹಿಂಡಿ, ಎಲೆಯ ಮೇಲೆ ತಟ್ಟಿದ ವೇಗ ನೋಡಬೇಕಿತ್ತು. ಬೀಡಿಯ ತುದಿ ಮಡಚಿದ ಹಾಗೆಯೇ. ಯಾರೋ ಚೀಲದಿಂದ ಟೇಪು ತೆಗೆದು ಅಳೆದರು. ಎಲ್ಲವೂ ಆರೂವರೆ ಇಂಚು.

ನನಗೆ ಎರಡು ಸುದ್ದಿ ಹೇಳಿ ಮುಗಿಸಬೇಕು. ಮೊದಲನೆಯದು, ಹೋಳಿಗೆ ತರಗತಿ ಕಾಲೇಜಿನ ಪಟ್ಟಿಯಲ್ಲಿ ಖಾಯಂ ಆಯಿತು. ಮೇಲಿನವರಿಗೆ ಕಳಿಸುವಾಗ "ಸಾಂಪ್ರದಾಯಿಕ ಆಹಾರ ಸಂಸ್ಕರಣೆ" ಎಂದು ಬರೆದೆ. ಹೋಳಿಗೆ ಎಂದು ಬರೆದರೆ ಹೊಲಿಗೆ ಎಂದು ತಿದ್ದಿ ವಾಪಸು ಕಳಿಸುತ್ತಾರೆಂಬ ಭಯ.

ಎರಡನೆಯದು, ಹಳೆಯ ದರ್ಜಿಗಳ ಪರೀಕ್ಷೆ. ಅನುಭವದಿಂದ ಕೆಲಸ ಕಲಿತವರಿಗೂ ಪ್ರಮಾಣಪತ್ರ ಕೊಡುವ ವ್ಯವಸ್ಥೆಯೊಂದಿದೆ. ಕೌಶಲಕ್ಕೂ ಮೆಟ್ಟಿಲು ಮೆಟ್ಟಿಲಾಗಿ ದರ್ಜೆಗಳಿವೆ. ಮೂವತ್ತು ವರ್ಷ ರವಿಕೆ ಹೊಲಿದ ದೊಡ್ಡಮ್ಮನ ಮುಂದೆ ಇಪ್ಪತ್ತನಾಲ್ಕರ ಪರೀಕ್ಷಕ ಕಾಗದ ಹಿಡಿದು ಕುಳಿತ. ಊರು ಬೇರೆ, ಹುಡುಗ ಒಳ್ಳೆಯವನು.

"ಗ್ರಾಹಕರು ಬಟ್ಟೆ ತಂದಾಗ ನೀವು ಮಾಡುವ ಮೊದಲ ಕೆಲಸ ಯಾವುದು?"

ಕಾಗದದಲ್ಲಿದ್ದ ಉತ್ತರ, ಅಳತೆ ತೆಗೆದುಕೊಳ್ಳುವುದು. ದೊಡ್ಡಮ್ಮ ಕನ್ನಡಕ ಮೇಲೇರಿಸಿ ಹೇಳಿದರು: "ಹಬ್ಬಕ್ಕೆ ಮೊದಲು ಆಗುವುದಿಲ್ಲ ಎಂದು ಹೇಳುವುದು."

ಹುಡುಗ ಬಹಳ ಹೊತ್ತು ಕಾಗದ ನೋಡಿದ. ನಾನು ಗೋಡೆ ನೋಡಿದೆ. ಅಂಕ ಕೊಟ್ಟನೋ ಇಲ್ಲವೋ ತಿಳಿಯದು, ಹೋಗುವಾಗ ತನ್ನ ಅಕ್ಕನ ಮದುವೆಗೆ ನಾಲ್ಕು ರವಿಕೆ ಹೊಲಿಯಲು ಕೊಟ್ಟು ಹೋದ.

ಮೊನ್ನೆ ಬೆಳಿಗ್ಗೆ ಮತ್ತೆ ಫೋನ್ ಬಂತು.

"ಹಲೋ, ಸಮುದಾಯದ್ದಾ? ಡಿಸೆಂಬರ್ ನಾಲ್ಕಕ್ಕೆ ಹಾಲ್ ಉಂಟಾ?"

"ಹಾಲ್ ಇಲ್ಲ" ಎಂದೆ. "ಹೋಳಿಗೆ ಉಂಟು. ಎಷ್ಟು ಬೇಕು?"

ಆಚೆ ಸ್ವಲ್ಪ ಹೊತ್ತು ಸದ್ದಿಲ್ಲ. ಯಾರನ್ನೋ ಕೇಳಿದ ಗುಸುಗುಸು. "ನಾನೂರು ಆದೀತಾ? ರವಿಕೆ ಹೊಲಿಯುವವರು ಯಾರಾದರೂ ಗೊತ್ತುಂಟಾ?"

"ಇದ್ದಾರೆ. ಆದರೆ ಹಬ್ಬಕ್ಕೆ ಮೊದಲು ಆಗುವುದಿಲ್ಲ."

ನಾನೂರು ಎಂದು ಬರೆದುಕೊಂಡೆ. ಪಾರ್ಕಿಂಗ್ ಉಂಟಾ ಎಂದು ಮಾತ್ರ ಅವರು ಕೇಳಿಯೇ ಇಟ್ಟರು.