ಆ ಹುಡುಗನ ತಟ್ಟೆಯ ಮೇಲೆ ನೆಟ್ಟ ಕಣ್ಣುಗಳು

ನಿನ್ನೆ ಸಂಜೆ ಬಂಧುಗಳೊಬ್ಬರ ಮನೆಯಲ್ಲಿ ಮಗುವಿನ ಹುಟ್ಟುಹಬ್ಬವಿತ್ತು. ಅಲ್ಲಿ ಕಂಡದ್ದನ್ನು ಬರೆದು ಮುಗಿಸದ ಹೊರತು ಇಂದು ಬೇರೆ ಯಾವ ಕೆಲಸಕ್ಕೂ ಮನಸ್ಸು ಒಗ್ಗುವಂತಿಲ್ಲ. ಒಂಬತ್ತು ವರ್ಷದ ಹುಡುಗನೊಬ್ಬ ಎರಡನೆಯ ಸಲ ಬಡಿಸಿಕೊಳ್ಳಲು ತಟ್ಟೆ ಚಾಚಿದ. ಬಡಿಸುತ್ತಿದ್ದವರು ಸೌಟನ್ನು ಎತ್ತಿದಲ್ಲೇ ನಿಲ್ಲಿಸಿ, ಎಲ್ಲರಿಗೂ ಕೇಳುವ ಹಾಗೆ, "ಸಾಕೋ ಡುಮ್ಮಣ್ಣ, ಅಂಗಿಯ ಗುಂಡಿ ಕಿತ್ತು ಹೋದೀತು" ಎಂದರು. ಹತ್ತಾರು ಮಂದಿ ನಕ್ಕರು. ಹುಡುಗನೂ ನಕ್ಕ. ನಗುತ್ತಲೇ ಎಡಗೈಯಿಂದ ಅಂಗಿಯ ಅಂಚನ್ನು ಹೊಟ್ಟೆಯ ಕೆಳಗೆ ಎಳೆದುಕೊಂಡು ಗೋಡೆಯ ಕಡೆಗೆ ತಿರುಗಿದ. ಸ್ವಲ್ಪ ಹೊತ್ತಿನ ಮೇಲೆ ನಾನು ಕೈ ತೊಳೆಯಲು ಒಳಗೆ ಹೋದಾಗ, ಅವನು ಬಾಗಿಲ ಮರೆಯಲ್ಲಿ ಒಬ್ಬನೇ ನಿಂತು ಅವಸರ ಅವಸರವಾಗಿ ತಿನ್ನುತ್ತಿದ್ದ. ನನ್ನನ್ನು ಕಂಡೊಡನೆ ಅಗಿಯುವುದನ್ನು ನಿಲ್ಲಿಸಿಬಿಟ್ಟ. ಬಾಯಿ ತುಂಬಿತ್ತು, ಕಣ್ಣೂ ತುಂಬಿತ್ತು.

ಎಲ್ಲರೂ ಸೇರಿ ನಕ್ಕು ಆ ಮಗುವಿಗೆ ಕಲಿಸಿದ್ದು ಕಡಿಮೆ ತಿನ್ನುವುದನ್ನಲ್ಲ, ಕದ್ದು ತಿನ್ನುವುದನ್ನು. ಮೈತೂಕದ ಕಾರಣಕ್ಕೆ ಹಂಗಿಸಿಕೊಂಡ ಮಕ್ಕಳು ಮುಂದೆ ತೆಳ್ಳಗಾಗುವುದಿಲ್ಲ, ಬದಲಾಗಿ ಅವರಲ್ಲಿ ತೂಕ ಹೆಚ್ಚುವ, ಗುಟ್ಟಾಗಿ ಅತಿಯಾಗಿ ತಿನ್ನುವ, ಆಟಪಾಟಗಳಿಂದ ದೂರ ಸರಿಯುವ ಸಾಧ್ಯತೆಯೇ ಹೆಚ್ಚು ಎಂದು ವೈದ್ಯಕೀಯ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2017ರಲ್ಲಿ ಇದೇ ವಿಷಯದ ಮೇಲೆ ಪ್ರತ್ಯೇಕ ಹೇಳಿಕೆಯನ್ನು ಹೊರಡಿಸಿ, ಮಕ್ಕಳ ಮುಂದೆ ಬಳಸುವ ಮಾತಿನ ಬಗ್ಗೆ ವೈದ್ಯರನ್ನೇ ಎಚ್ಚರಿಸಬೇಕಾಯಿತು. ಹಾಗಿರುವಾಗ ಬಂಧುಬಳಗದ ನಾಲಿಗೆಗೆ ಏಕೆ ಯಾವ ಲಗಾಮೂ ಇಲ್ಲ?

ನಾನು ಬಹುಕಾಲ ಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದವನು ಎಂಬುದು ಇಲ್ಲಿರುವ ಗೆಳೆಯರಿಗೆಲ್ಲ ಗೊತ್ತು. ನಿಮಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಇಂದು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ, ಓಟದಲ್ಲಿ ಕೊನೆಗೆ ಬಂದ ದಪ್ಪ ಮಕ್ಕಳಿಗೆ ಇನ್ನೂ ಎರಡು ಸುತ್ತು ಓಡಿರೆಂದು ಹೇಳುತ್ತಿದ್ದೆ. ಅವರ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದು ನಂಬಿದ್ದೆ. ಉಳಿದವರೆಲ್ಲ ನೆರಳಿನಲ್ಲಿ ಕುಳಿತು ನೋಡುತ್ತಿದ್ದಾಗ ಇವರು ಒಂಟಿಯಾಗಿ ಏದುಸಿರು ಬಿಡುತ್ತ ಮೈದಾನ ಸುತ್ತುತ್ತಿದ್ದರು. ಒಮ್ಮೆ ಏಳನೆಯ ತರಗತಿಯ ಹುಡುಗಿಯೊಬ್ಬಳಿಗೆ, "ಕುತ್ತಿಗೆ ನೋಡಿಕೋ, ನಾಳೆ ಚೆನ್ನಾಗಿ ಉಜ್ಜಿ ತೊಳೆದುಕೊಂಡು ಬಾ" ಎಂದು ಸಾಲಿನಲ್ಲಿ ನಿಲ್ಲಿಸಿ ಹೇಳಿದ್ದೆ. ಮರುದಿನ ಅವಳ ಕುತ್ತಿಗೆಯ ಹಿಂಭಾಗ ಕೆಂಪಾಗಿ ಕೆತ್ತಿಹೋಗಿತ್ತು. ಕಪ್ಪು ಮಾತ್ರ ಹಾಗೆಯೇ ಇತ್ತು. ಅದು ಕೊಳೆಯಲ್ಲ, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ನಿಗೆ ದೇಹವು ಸರಿಯಾಗಿ ಓಗೊಡದಿದ್ದಾಗ ಕುತ್ತಿಗೆ, ಕಂಕುಳುಗಳ ಚರ್ಮ ಹಾಗೆ ಕಪ್ಪಾಗಿ ದಪ್ಪಗಾಗುವುದುಂಟು ಎಂದು ವೈದ್ಯರೊಬ್ಬರು ನನಗೆ ತಿಳಿಸುವ ಹೊತ್ತಿಗೆ ಆ ಹುಡುಗಿ ಶಾಲೆ ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಅವಳನ್ನು ವೈದ್ಯರ ಬಳಿಗೆ ಕಳುಹಿಸಬೇಕಾಗಿದ್ದವನು ನಾನು. ಸೋಪಿನ ಕಡೆಗೆ ಕಳುಹಿಸಿದೆ. ಆ ತಪ್ಪು ನನ್ನನ್ನು ಇಂದಿಗೂ ಬಿಟ್ಟಿಲ್ಲ. ನಿನ್ನೆಯ ನಗು ನನಗೆ ಇಷ್ಟು ಚುಚ್ಚಿದ್ದಕ್ಕೆ ಅದೂ ಒಂದು ಕಾರಣ.

ಮಗು ಬಾಯಿ ಕಟ್ಟುವುದಿಲ್ಲ, ಮೈ ಬಗ್ಗಿಸುವುದಿಲ್ಲ, ಆದ್ದರಿಂದ ದಪ್ಪಗಾಗಿದೆ ಎಂಬ ತೀರ್ಪು ಎಷ್ಟು ಸಲೀಸಾಗಿ ಹೊರಬೀಳುತ್ತದೆ! ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 1990ರಲ್ಲಿ 5ರಿಂದ 19 ವರ್ಷದೊಳಗಿನವರಲ್ಲಿ ಶೇ. 8ರಷ್ಟು ಮಂದಿ ಅಧಿಕ ತೂಕದವರಿದ್ದರು. 2022ರ ಹೊತ್ತಿಗೆ ಅದು ಶೇ. 20ಕ್ಕೆ ಏರಿತ್ತು, 39 ಕೋಟಿಗೂ ಹೆಚ್ಚು ಮಕ್ಕಳು, ಅವರಲ್ಲಿ 16 ಕೋಟಿಯಷ್ಟು ಮಂದಿ ಬೊಜ್ಜಿನ ಮಟ್ಟವನ್ನೇ ಮುಟ್ಟಿದವರು. ಈ ಮೂವತ್ತೆರಡು ವರ್ಷಗಳಲ್ಲಿ ಲೋಕದ ಮಕ್ಕಳೆಲ್ಲ ಒಟ್ಟಾಗಿ ಹೊಟ್ಟೆಬಾಕರಾಗಿಬಿಟ್ಟರೇ? ಸೋಮಾರಿಗಳಾಗಿಬಿಟ್ಟರೇ? ಅಷ್ಟು ಬೇಗ ಮನುಷ್ಯನ ವಂಶವಾಹಿಗಳೂ ಬದಲಾಗುವುದಿಲ್ಲ. ಬದಲಾದದ್ದು ಮಕ್ಕಳ ಸುತ್ತಲಿನ ಲೋಕ, ಮತ್ತು ಅದನ್ನು ಕಟ್ಟಿದವರು ದೊಡ್ಡವರು. ಕೈಗೆಟುಕುವ ಎತ್ತರದಲ್ಲಿ ಸಿಹಿ ಪಾನೀಯಗಳನ್ನು ಜೋಡಿಸಿದವರು, ಪೊಟ್ಟಣಗಳ ಮೇಲೆ ಕಾರ್ಟೂನು ಗೊಂಬೆಗಳನ್ನು ಅಚ್ಚು ಹಾಕಿದವರು, ಆಟದ ಬಯಲನ್ನು ವಾಹನಗಳಿಗೆ ಬಿಟ್ಟುಕೊಟ್ಟವರು, ಊಟದ ಹೊತ್ತಿಗೆ ಮಗು ಸುಮ್ಮನಿರಲೆಂದು ಕೈಗೆ ಮೊಬೈಲು ಕೊಟ್ಟವರು ಒಂಬತ್ತು ವರ್ಷದವರಲ್ಲ.

ಹಸಿವು ಎಂಬುದೇ ಎಷ್ಟರ ಮಟ್ಟಿಗೆ ಮಗುವಿನ ಹಿಡಿತದಲ್ಲಿದೆ ಎಂದು ಯೋಚಿಸಿದ್ದೀರಾ? ದೇಹದ ಕೊಬ್ಬಿನ ಕೋಶಗಳು ಲೆಪ್ಟಿನ್ ಎಂಬ ಹಾರ್ಮೋನನ್ನು ಸ್ರವಿಸಿ, ಇನ್ನು ಸಾಕು ಎಂಬ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುತ್ತವೆ. 1994ರಲ್ಲಿ ಅಮೆರಿಕದ ವಿಜ್ಞಾನಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಇದನ್ನು ಕಂಡುಹಿಡಿಯಿತು. ಮೂರು ವರ್ಷಗಳ ಬಳಿಕ ಇಂಗ್ಲೆಂಡಿನ ಕೇಂಬ್ರಿಡ್ಜಿನ ವಿಜ್ಞಾನಿಗಳು, ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ, ಎಷ್ಟು ತಿಂದರೂ ಹಸಿವು ಹಿಂಗದ, ವಿಪರೀತ ದಪ್ಪಗಿದ್ದ ಇಬ್ಬರು ಸೋದರಸಂಬಂಧಿ ಮಕ್ಕಳ ಬಗ್ಗೆ ಬರೆದರು. ಅವರಲ್ಲಿ ಹುಡುಗಿಗೆ ಲೆಪ್ಟಿನ್ ಚುಚ್ಚುಮದ್ದು ಕೊಟ್ಟಾಗ ಹಸಿವು ತಗ್ಗಿತು, ತೂಕವೂ ಇಳಿಯಿತು. ಉಪದೇಶಕ್ಕೆ ಜಗ್ಗದ ಹಸಿವು ಒಂದು ಹಾರ್ಮೋನಿಗೆ ಜಗ್ಗಿತು. ಇಂತಹ ಕೊರತೆ ಬಹಳ ಅಪರೂಪ, ಎಲ್ಲ ಮಕ್ಕಳ ಬೊಜ್ಜಿಗೂ ಇದೇ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಒಂದೇ ಮನೆಯಲ್ಲಿ ಒಂದೇ ಅಡುಗೆ ಉಂಡು ಅಣ್ಣ ಕಡ್ಡಿಯಂತೆ, ತಮ್ಮ ದುಂಡಗೆ ಬೆಳೆಯುವುದರ ಹಿಂದೆ ಹುಟ್ಟಿನಿಂದ ಬಂದ ಪಾಲು ದೊಡ್ಡದಿದೆ. ನಿದ್ದೆ ಕಡಿಮೆಯಾದರೂ ಹಸಿವು ಕೆರಳುತ್ತದೆ. ಕುಡಿದ ಸಕ್ಕರೆ, ಅಗಿದು ತಿಂದ ಆಹಾರದಷ್ಟು ಹೊಟ್ಟೆ ತುಂಬಿದ ಭಾವವನ್ನು ಕೊಡುವುದಿಲ್ಲ. ಇವುಗಳಲ್ಲಿ ಯಾವುದನ್ನು ಆ ಹುಡುಗ ತಾನಾಗಿ ಆರಿಸಿಕೊಂಡ?

"ಹಾಗಾದರೆ ಕಂಡೂ ಕಾಣದಂತೆ ಇದ್ದುಬಿಡಬೇಕೆ? ನಾಳೆ ಕಾಯಿಲೆ ಬಂದರೆ ಯಾರು ಹೊಣೆ?" ಎಂದು ನಿನ್ನೆ ಒಬ್ಬರು ನನ್ನನ್ನೇ ಕೇಳಿದರು. ಕಾಯಿಲೆಯ ಭಯ ಸುಳ್ಳಲ್ಲ. ದೊಡ್ಡವರಿಗೆ ಮಾತ್ರ ಬರುತ್ತದೆಂದುಕೊಂಡಿದ್ದ ಎರಡನೆಯ ಬಗೆಯ ಮಧುಮೇಹ, ಯಕೃತ್ತಿನಲ್ಲಿ ಕೊಬ್ಬು ಸೇರುವುದು, ರಕ್ತದ ಏರೊತ್ತಡ, ನಿದ್ದೆಯಲ್ಲಿ ಉಸಿರು ಕಟ್ಟುವುದು ಇಂದು ಮಕ್ಕಳಲ್ಲಿಯೂ ಕಾಣಿಸುತ್ತಿವೆ. ಆದರೆ ಕಾಯಿಲೆಯ ಬಗ್ಗೆ ನಿಜವಾದ ಕಾಳಜಿ ಇರುವವರು ಊಟದ ಪಂಕ್ತಿಯಲ್ಲಿ ಹಾಸ್ಯ ಮಾಡುವುದಿಲ್ಲ. ಅಲ್ಲಿ ನಕ್ಕವರಲ್ಲಿ ಒಬ್ಬರಾದರೂ ಆ ಹುಡುಗನ ಎತ್ತರವನ್ನು ಅಳೆದು ನೋಡಿದ್ದುಂಟೇ? ಮಕ್ಕಳ ಬೊಜ್ಜನ್ನು ಕಣ್ಣಳತೆಯಲ್ಲಿ ನಿರ್ಧರಿಸಲಾಗದು. ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ತೋರಿಸುವ ಬಿಎಂಐ ಎಂಬ ಅಳತೆಯನ್ನು ಎತ್ತರ, ತೂಕಗಳಿಂದ ಲೆಕ್ಕ ಹಾಕಿ, ಅದನ್ನು ಅದೇ ವಯಸ್ಸಿನ ಹುಡುಗರ ಅಥವಾ ಹುಡುಗಿಯರ ಬೆಳವಣಿಗೆಯ ಪಟ್ಟಿಯೊಂದಿಗೆ ಹೋಲಿಸಬೇಕು. ತೂಕ ಏರುತ್ತ ಎತ್ತರ ಮಾತ್ರ ನಿಂತುಹೋಗಿದ್ದರೆ ಥೈರಾಯ್ಡಿನಂತಹ ಹಾರ್ಮೋನುಗಳ ತೊಂದರೆ ಇದೆಯೇ ಎಂದು ವೈದ್ಯರು ನೋಡಬೇಕಾಗುತ್ತದೆ.

ಮಗುವಿಗೆ ಒಂದು ತಟ್ಟೆ, ಉಳಿದವರಿಗೆ ಇನ್ನೊಂದು ತಟ್ಟೆ ಎಂಬ ಏರ್ಪಾಟು ನಡೆಯುವುದಿಲ್ಲ. ಸಿಹಿ ಪಾನೀಯ ಮನೆಗೆ ಬರಬಾರದೆಂದರೆ ಅಪ್ಪನಿಗೂ ಬರಬಾರದು. ಹೆಚ್ಚಿನ ಮಕ್ಕಳ ತೂಕವನ್ನು ಇಳಿಸಲೇಬೇಕೆಂದೂ ಇಲ್ಲ; ತೂಕ ಇದ್ದಲ್ಲಿಯೇ ನಿಂತು ಎತ್ತರ ಬೆಳೆದರೆ ಕೆಲವು ವರ್ಷಗಳಲ್ಲಿ ಮೈ ತಾನಾಗಿ ಹದಕ್ಕೆ ಬರುತ್ತದೆ. ಅದಕ್ಕೆ ಬೇಕಾದದ್ದು ದೊಡ್ಡವರ ತಾಳ್ಮೆ. ದಿನಕ್ಕೆ ಸರಾಸರಿ 60 ನಿಮಿಷ ಮಕ್ಕಳ ಮೈ ಚೆನ್ನಾಗಿ ಆಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಓಟವನ್ನು ದಂಡನೆಯಾಗಿ ಕೊಟ್ಟವನು ನಾನು. ಹಾಗೆ ಓಡಿದ ಮಗು ಜೀವಮಾನವಿಡೀ ಮೈದಾನದ ಕಡೆಗೆ ತಲೆ ಹಾಕುವುದಿಲ್ಲ.

ಮನೆಯ ಹೊರಗಿನದನ್ನು ಬದಲಿಸುವುದೂ ಆಗದ ಮಾತಲ್ಲ. ಚಿಲಿ ದೇಶದಲ್ಲಿ 2016ರಿಂದ, ಸಕ್ಕರೆ, ಉಪ್ಪು, ಕೊಬ್ಬು ಮಿತಿಮೀರಿದ ಪೊಟ್ಟಣಗಳ ಮುಖದ ಮೇಲೆಯೇ ಕಪ್ಪು ಅಷ್ಟಕೋನದ ಎಚ್ಚರಿಕೆ ಇರುತ್ತದೆ. ಅಂತಹ ಪೊಟ್ಟಣಗಳಿಂದ ಕಾರ್ಟೂನು ಗೊಂಬೆಗಳನ್ನು ತೆಗೆಸಿದರು, ಶಾಲೆಗಳಲ್ಲಿ ಅವುಗಳ ಮಾರಾಟವನ್ನು ನಿಲ್ಲಿಸಿದರು. ಅಲ್ಲಿ ಎಚ್ಚರಿಕೆಯ ಗುರುತು ಹೊತ್ತ ಸಿಹಿ ಪಾನೀಯಗಳ ಖರೀದಿ ಇಳಿಯಿತು. ಯಾವ ಮಗುವನ್ನೂ ಡುಮ್ಮ ಎಂದು ಕರೆಯದೆಯೇ ಇದು ಸಾಧ್ಯವಾಯಿತು.

ಬಡಿಸುತ್ತಿದ್ದವರು ಇದನ್ನು ಓದುತ್ತಾರೆಂದು ನನಗೆ ಗೊತ್ತು. ನೀವು ಕೆಟ್ಟವರಲ್ಲ, ನಿಮಗೆ ಆ ಮಗುವಿನ ಮೇಲೆ ಪ್ರೀತಿಯಿದೆ. ಆದರೆ ಆ ಮಾತನ್ನು ಇನ್ನೊಮ್ಮೆ ಆಡಬೇಡಿ. ನಿನ್ನೆ ನಾನು ಅವನ ಪಕ್ಕದಲ್ಲಿ ಒಂದು ಕುರ್ಚಿ ಎಳೆದುಕೊಂಡು ಕುಳಿತು, ನಿಧಾನವಾಗಿ ಕೂತು ತಿನ್ನು ಎಂದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಅಂಗಿಯ ಅಂಚು ಮುಷ್ಟಿಯಲ್ಲಿಯೇ ಇತ್ತು. ಮುಂದಿನ ಭಾನುವಾರ ಚೆಂಡು ತೆಗೆದುಕೊಂಡು ಮೈದಾನಕ್ಕೆ ಹೋಗೋಣವೇ ಎಂದು ಕೇಳಿದಾಗ ಮಾತ್ರ ಮುಖ ಎತ್ತಿ, "ಓಡಿಸ್ತೀರಾ, ತಾತ?" ಎಂದ. ಸುತ್ತು ಎಣಿಸುವುದಿಲ್ಲ ಎಂದು ಅವನಿಗೆ ಮಾತು ಕೊಟ್ಟು ಬಂದಿದ್ದೇನೆ.