‘ವಯಸ್ಸಾದ್ರೆ ಇದೆಲ್ಲ ಇರೋದೇ’ ಅಂತ ಬಿಡಬೇಡಿ

ಮೆದುಳಿನ ಸಣ್ಣ ರಕ್ತನಾಳಗಳ ತೊಂದರೆ ಬಗ್ಗೆ ನಿಮ್ಮಲ್ಲಿ ಬಂದ ಲೇಖನ ಚೆನ್ನಾಗಿದೆ. ಆದರೆ ಇದು ‘ವಯಸ್ಸಾದವರಲ್ಲಿ ಸಾಮಾನ್ಯ’ ಎಂಬ ಅದರ ಸಾಲನ್ನೇ ಹಿಡಿದು ಜನ ಸುಮ್ನೆ ಕೂತುಬಿಡುತ್ತಾರೆ, ಅಲ್ವಾ?

ಕಲಬುರಗಿಯ ನಮ್ಮ ಕಾಕಾಗೆ ಕೈಕಾಲು ಬಿದ್ದಿರಲಿಲ್ಲ, ಬಾಯಿ ಸೊಟ್ಟ ಆಗಿರಲಿಲ್ಲ. ಹೆಜ್ಜೆ ಮಾತ್ರ ಗಿಡ್ಡವಾಗಿತ್ತು. ಹೊಸ್ತಿಲ ಹತ್ತಿರ ಬಂದು ನಿಂತೇಬಿಡುತ್ತಿದ್ದರು. ತೊಗರಿ ಮಾರಿದ ಲೆಕ್ಕ ಬಾಯಲ್ಲೇ ಹಾಕುತ್ತಿದ್ದವರು ತಡವರಿಸತೊಡಗಿದರು. ಮನೆಯವರು ಮಂಡಿನೋವು, ಮರೆವು ಅಂದುಕೊಂಡರು. ಎಂಆರ್‌ಐ ಮಾಡಿಸಿದರೆ ಮೆದುಳಿನ ಒಳಗೆ ರಕ್ತ ಸರಿಯಾಗಿ ಸಿಗದೆ ಆದ ಬಿಳಿ ಮಚ್ಚೆಗಳು, ಜೊತೆಗೆ ಹಳೇ ಸಣ್ಣ ಸ್ಟ್ರೋಕ್‌ಗಳ ಗುರುತು. ಯಾವಾಗ ಆದವೋ, ಅವರಿಗೇ ಗೊತ್ತಿಲ್ಲ!

ಈ ತೊಂದರೆಗೆ ದೊಡ್ಡ ಕಾರಣ ಬಿಪಿ. ವರ್ಷಗಟ್ಟಲೆ ಜಾಸ್ತಿ ಇದ್ದರೆ ಮೆದುಳಿನ ಆಳಕ್ಕೆ ಹೋಗುವ ಸಣ್ಣ ನಾಳಗಳ ಗೋಡೆ ದಪ್ಪವಾಗಿ ದಾರಿ ಕಿರಿದಾಗುತ್ತದೆ. ಕೆಲವೊಮ್ಮೆ ಇಂಥ ನಾಳ ಒಡೆದು ರಕ್ತಸ್ರಾವವೂ ಆಗಬಹುದು. ಅದಕ್ಕೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಅನ್ನು ಡಾಕ್ಟರ್ ಹೇಳದೆ ನುಂಗಬಾರದು. ನಮ್ಮ ಕಡೆ ‘ತಲೆ ಸುತ್ತಿಲ್ಲ, ಅಂದ್ರೆ ಬಿಪಿ ಇಲ್ಲ’ ಅಂತ ತಾವೇ ಗುಳಿಗೆ ಬಿಡುವವರು ಬಹಳ. ಊಟಕ್ಕೆ ಉಪ್ಪಿನಕಾಯಿ, ಆಮೇಲೆ ಬೀಡಿ ಬೇರೆ.

ಇದ್ದಕ್ಕಿದ್ದಂತೆ ಮುಖ ಸೊಟ್ಟಾದರೆ, ಮಾತು ತೊದಲಿದರೆ ಅದು ಸ್ಟ್ರೋಕ್ ಇರಬಹುದು, ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಲಕ್ಷಣ ಶುರುವಾದ 4.5 ಗಂಟೆಯೊಳಗೆ ಕೊಡಬೇಕು. ಚಿಂಚೋಳಿ ಕಡೆಯಿಂದ ಕಲಬುರಗಿಗೆ ಬರುವವರಿಗೆ ದಾರಿಯಲ್ಲೇ ಸಾಕಷ್ಟು ಹೊತ್ತು ಹೋಗುತ್ತದೆ.