ಸತ್ಯಾಂಶ: ‘ರಾಬಿನ್’ ಎಂಬ ಹೆಸರಿನ ಹಕ್ಕಿಗಳೆಲ್ಲ ಒಂದೇ ಅಲ್ಲ

ಕೆಂಪೆದೆಯ ಎರಡು ಹಕ್ಕಿಗಳ ಚಿತ್ರಗಳನ್ನು ಜೋಡಿಸಿ, ಯುರೋಪಿನ ರಾಬಿನ್ ಹಕ್ಕಿಯೇ ಅಮೆರಿಕಕ್ಕೆ ವಲಸೆ ಹೋಗಿ ಅಲ್ಲಿ ದೊಡ್ಡದಾಗಿ ಬೆಳೆದಿದೆ ಎಂದು ಹೇಳುವ ಸಂದೇಶವು ಹಿತ್ತಲಿನ ಹಕ್ಕಿವೀಕ್ಷಕರ ನಡುವೆ ಹರಿದಾಡುವುದುಂಟು. ಇದು ನಿಜವಲ್ಲ.

ಯುರೋಪಿನ ರಾಬಿನ್ ಸುಮಾರು 14 ಸೆಂ.ಮೀ. ಉದ್ದದ ಪುಟ್ಟ ಹಕ್ಕಿ. ಹಿಂದೆ ಅದನ್ನು ಹಾಡುಹಕ್ಕಿಗಳಾದ ಥ್ರಷ್‌ಗಳ ಗುಂಪಿಗೆ ಸೇರಿಸಲಾಗಿತ್ತಾದರೂ ಈಗ ನೊಣಹಿಡುಕಗಳ ಕುಟುಂಬದಲ್ಲಿ ಇರಿಸಲಾಗಿದೆ. ಅಮೆರಿಕದ ರಾಬಿನ್ ಸುಮಾರು 25 ಸೆಂ.ಮೀ. ಉದ್ದದ, ಕಪ್ಪು ತಲೆಯ ನಿಜವಾದ ಥ್ರಷ್. ಯುರೋಪಿನಿಂದ ಹೋಗಿ ಅಲ್ಲಿ ನೆಲೆಸಿದ ಜನರು ಆ ಹಕ್ಕಿಯ ಎದೆಯ ಬಣ್ಣವನ್ನು ಕಂಡು, ತಾವು ಬಿಟ್ಟುಬಂದ ನಾಡಿನ ಹಕ್ಕಿಯನ್ನು ನೆನೆದು, ಅದಕ್ಕೂ ಅದೇ ಹೆಸರನ್ನು ಇಟ್ಟರು. ಪರಸ್ಥಳದಲ್ಲಿ ಪರಿಚಿತ ಹೆಸರೊಂದನ್ನು ಹುಡುಕಿಕೊಂಡ ಅವರ ಮನಸ್ಸು ನನಗೆ ಅರ್ಥವಾಗುತ್ತದೆ. ಆಸ್ಟ್ರೇಲಿಯಾದಲ್ಲಿಯೂ ಹೀಗೆಯೇ ಆಯಿತು; ಅಲ್ಲಿನ ರಾಬಿನ್‌ಗಳದ್ದು ಮೂರನೆಯದೇ ಆದ ಕುಟುಂಬ.

ಅಮೆರಿಕದ ಹಕ್ಕಿಯ ವೈಜ್ಞಾನಿಕ ಹೆಸರು ‘ಟರ್ಡಸ್ ಮೈಗ್ರೇಟೋರಿಯಸ್’. ಇದರಲ್ಲಿರುವ ವಲಸೆಯ ಸೂಚನೆಯು ಸಾಗರ ದಾಟಿ ಬಂದುದನ್ನಲ್ಲ, ಋತುಮಾನಕ್ಕೆ ತಕ್ಕಂತೆ ಅದೇ ಖಂಡದೊಳಗೆ ನಡೆಯುವ ಸಂಚಾರವನ್ನು ಹೇಳುತ್ತದೆ. ಯುರೋಪಿನದು ‘ಎರಿಥಾಕಸ್ ರುಬೆಕ್ಯುಲಾ’. ಟಿಪ್ಪಣಿ ಪುಸ್ತಕದಲ್ಲಿ ರೂಢಿಯ ಹೆಸರಿನ ಪಕ್ಕದಲ್ಲಿ ಈ ಜೋಡಿಪದವನ್ನೂ ಬರೆದುಕೊಂಡರೆ, ಯಾವ ಹಕ್ಕಿಯನ್ನು ಕಂಡಿರಿ ಎಂಬುದು ಬೇರೆ ನಾಡಿನ ಓದುಗರಿಗೂ ತಿಳಿಯುತ್ತದೆ.